ಆ ಮೂಲೆ ನನ್ನದಾಗಿರಲಿಲ್ಲ

ಫ್ಯಾಷನ್ ಫೋಟೋಗ್ರಫಿ ಬಗ್ಗೆ ಈ ತಿಂಗಳು ಬಂದ ಪತ್ರಗಳಲ್ಲಿ ಲೆನ್ಸ್ ಬಗ್ಗೆ ಕೇಳಿದವರು ಕಡಿಮೆ. ಕಾಪಿ ಬಗ್ಗೆ ಕೇಳಿದವರೇ ಜಾಸ್ತಿ. ಒಬ್ಬರು ತಾವು ಕಾಪಿ ಮಾಡಿದೆವೆಂದು ಕೊರಗುತ್ತಿದ್ದಾರೆ. ಇನ್ನೊಬ್ಬರು ತಮ್ಮದನ್ನು ಯಾರೋ ಕಾಪಿ ಮಾಡಿದರೆಂದು ಕುದಿಯುತ್ತಿದ್ದಾರೆ. ಎರಡೂ ಜಾಗದಲ್ಲಿ ನಾನು ನಿಂತು ಬಂದಿದ್ದೇನೆ. ಹಾಗಾಗಿ ಈ ಸಲ ಅದೇ ಮಾತು. ಒಂದೆರಡು ಉತ್ತರ ಉದ್ದವಾಗಿವೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಾನು ಫ್ಯಾಷನ್ ಫೋಟೋಗ್ರಫಿ ಕಲಿಯುತ್ತಿದ್ದೇನೆ. ಶೂಟ್‌ಗೆ ಮೊದಲು ಮೂಡ್ ಬೋರ್ಡ್‌ಗೆ, ಅಂದರೆ ಸ್ಫೂರ್ತಿಗೆ ಅಂತ ಚಿತ್ರ ಅಂಟಿಸುವ ಹಲಗೆಗೆ, ಮೂವತ್ತು ನಲವತ್ತು ಫೋಟೋ ಸೇರಿಸುತ್ತೇನೆ. ಕೊನೆಗೆ ನಾನು ತೆಗೆದದ್ದು ಅದರಲ್ಲೊಂದರ ಹಾಗೇ ಆಗಿಬಿಡುತ್ತದೆ. ಇದು ಕಳ್ಳತನ ಅಲ್ವಾ?

ಉತ್ತರ: ಅಲ್ಲ ಹೌದು ಅನ್ನುವ ಮೊದಲು ನನ್ನ ಕಥೆ ಕೇಳಿ.

ಐದು ವರ್ಷ ಬೇರೊಬ್ಬರ ಸ್ಟುಡಿಯೋದಲ್ಲಿ ಬಟ್ಟೆಯ ಸುಕ್ಕು ಬಿಡಿಸಲು ಸ್ಟೀಮರ್ ಹಿಡಿದು, ರಿಫ್ಲೆಕ್ಟರ್ ಹೊತ್ತು, ಆಮೇಲೆ ಸ್ವಂತ ಕೆಲಸ ಶುರು ಮಾಡಿದೆ. ಮೂರನೇ ವರ್ಷ ಜಾಕೆಟ್‌ಗಳ ಒಂದು ಸರಣಿ ಸಿಕ್ಕಿತು. ಎಂಟು ಜಾಕೆಟ್, ಒಬ್ಬಳೇ ಮಾಡೆಲ್, ಒಂದೇ ದಿನ. ಹಿಂದಿನ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗಿನ ಜಾವ ಥಟ್ಟನೆ ಹೊಳೆಯಿತು. ಎರಡು ಎತ್ತರದ ಹಲಗೆ ತರುವುದು, ಚೂಪು ಮೂಲೆ ಆಗುವ ಹಾಗೆ ಜೋಡಿಸುವುದು, ಆ ಸಂದಿಯಲ್ಲಿ ಹುಡುಗಿಯನ್ನು ನಿಲ್ಲಿಸುವುದು. ಎದ್ದು ಕೂತು ಚಿತ್ರ ಬರೆದುಕೊಂಡೆ. ಪ್ರಪಂಚದಲ್ಲಿ ಇದು ಯಾರಿಗೂ ಹೊಳೆದಿಲ್ಲ ಅನ್ನುವ ಖುಷಿಯಲ್ಲಿ ಮತ್ತೆ ನಿದ್ದೆ ಬರಲೇ ಇಲ್ಲ.

ಬೆಳಿಗ್ಗೆ ಹಲಗೆ ನಿಲ್ಲಿಸುತ್ತಿದ್ದಾಗ ಮೇಕಪ್ ಮಾಡುವ ಹಿರಿಯರೊಬ್ಬರು ಕುರ್ಚಿಯಿಂದಲೇ ನೋಡಿದರು. 'ಈ ಮೂಲೆ ನನಗೆ ಗೊತ್ತಲ್ಲ' ಅಂದರು. ಅಷ್ಟೇ ಅಂದದ್ದು. ಮತ್ತೆ ಬ್ರಶ್ ತೊಳೆಯತೊಡಗಿದರು.

ಅದು ಅಮೆರಿಕದ ಫೋಟೋಗ್ರಾಫರ್ ಇರ್ವಿಂಗ್ ಪೆನ್ ಅವರ ಮೂಲೆ. 1948ರಲ್ಲಿ ಅವರು ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಎರಡು ಹಲಗೆಗಳನ್ನು ಹಾಗೇ ಜೋಡಿಸಿ ದೊಡ್ಡ ದೊಡ್ಡವರನ್ನು ಅದರೊಳಗೆ ನಿಲ್ಲಿಸಿದ್ದರು. ಚಿತ್ರಕಾರರಾದ ಮಾರ್ಸೆಲ್ ದ್ಯುಷಾಂ, ಜಾರ್ಜಿಯಾ ಓಕೀಫ್, ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಬಾಕ್ಸರ್ ಜೋ ಲೂಯಿಸ್, ಹೀಗೆ. ಅಸಿಸ್ಟೆಂಟ್ ಆಗಿದ್ದಾಗ ಸ್ಟುಡಿಯೋ ಕಪಾಟಿನಲ್ಲಿದ್ದ ಆ ಫೋಟೋಗಳ ಪುಸ್ತಕವನ್ನು ನಾನು ಎಷ್ಟೋ ಸಲ ತಿರುವಿ ಹಾಕಿದ್ದೆ. ಮರೆತೇಹೋಗಿತ್ತು. ಮರೆತದ್ದು ರಾತ್ರಿ ವೇಷ ಹಾಕಿಕೊಂಡು 'ಹೊಸ ಐಡಿಯಾ' ಅಂತ ವಾಪಸ್ ಬಂದಿತ್ತು.

ನಾಚಿಕೆ ಆಯಿತು, ನಿಜ. ಆದರೆ ನಾಚಿಕೆಗಿಂತ ದೊಡ್ಡ ಪಾಠ ಸಂಜೆ ಸಿಕ್ಕಿತು. ಬೇರೆ ದಾರಿ ಇಲ್ಲದೆ ಅಲ್ಲೇ ಶೂಟ್ ಮಾಡಿದ್ದೆ. ಫೋಟೋ ಚೆನ್ನಾಗಿ ಬರಲಿಲ್ಲ. ಯಾಕೆ ಅಂತ ತಲೆ ಕೆಡಿಸಿಕೊಂಡೆ. ಪೆನ್ ಮುಂದೆ ನಿಲ್ಲುತ್ತಿದ್ದವರು ಹೆಸರು ಮಾಡಿದವರು. ಕ್ಯಾಮೆರಾ ಕಂಡ ಕೂಡಲೇ ತಮ್ಮ ರೂಢಿಯ ಮುಖ ಹಾಕಿಕೊಳ್ಳುವ ಜನ. ಇಕ್ಕಟ್ಟಿಗೆ ಸಿಕ್ಕಿದಾಗ ಆ ಮುಖ ನಿಲ್ಲುವುದಿಲ್ಲ. ಒಬ್ಬರು ಗೋಡೆಗೆ ಒರಗುತ್ತಾರೆ, ಒಬ್ಬರು ಗೋಡೆಯನ್ನು ತಳ್ಳುತ್ತಾರೆ, ಒಬ್ಬರು ಮುದುರಿಕೊಳ್ಳುತ್ತಾರೆ. ಅದಕ್ಕೇ ಆ ಮೂಲೆ ಕೆಲಸ ಮಾಡಿತ್ತು. ನನ್ನ ಮುಂದಿದ್ದದ್ದು ಅಗಲ ಭುಜದ ಜಾಕೆಟ್. ಅದರ ಚೆಂದ ಇದ್ದದ್ದೇ ಆ ಭುಜದ ಗೆರೆಯಲ್ಲಿ. ಇಕ್ಕಟ್ಟು ಮೂಲೆ ಆ ಭುಜವನ್ನೇ ನುಂಗಿಹಾಕಿತು. ಪೆನ್ ಅವರಿಗಿದ್ದ ತೊಂದರೆ ನನಗಿರಲೇ ಇಲ್ಲ. ಇಲ್ಲದ ಕಾಯಿಲೆಗೆ ಪಕ್ಕದವರ ಔಷಧಿ ಕುಡಿದ ಹಾಗೆ ಆಯಿತು.

ಅವತ್ತಿನಿಂದ ಒಂದು ರೂಢಿ ಇಟ್ಟುಕೊಂಡಿದ್ದೇನೆ. ಮೂಡ್ ಬೋರ್ಡಿನ ಪ್ರತಿ ಫೋಟೋ ಕೆಳಗೆ ಒಂದು ಸಾಲು ಬರೆಯುತ್ತೇನೆ: ಇದು ಯಾವ ತೊಂದರೆಗೆ ಕಂಡುಕೊಂಡ ದಾರಿ? ಬರೆಯಲು ಹೋದಾಗ ಅರ್ಧ ಫೋಟೋಗಳು ತಾವಾಗಿಯೇ ಉದುರಿಹೋಗುತ್ತವೆ. 'ಸುಮ್ನೆ ಚೆನ್ನಾಗಿದೆ ಅಂತ ಹಾಕಿದೆ' ಅನ್ನುವವು ಮೊದಲು ಹೋಗುತ್ತವೆ. ಕೊನೆಗೆ ಆರೇಳು ಉಳಿಯುತ್ತವೆ. ಅವುಗಳಲ್ಲಿ ಫ್ಯಾಷನ್ ಫೋಟೋ ಎರಡಕ್ಕಿಂತ ಹೆಚ್ಚಿಲ್ಲದ ಹಾಗೆ ನೋಡಿಕೊಳ್ಳುತ್ತೇನೆ. ಉಳಿದದ್ದು ಏನಾದರೂ ಆಗಬಹುದು. ಮುರಿದ ಛತ್ರಿಯ ಕಡ್ಡಿ, ಎಕ್ಸ್‌ರೇ, ಹಕ್ಕಿ ರೆಕ್ಕೆಯ ಒಳಭಾಗ. ಛತ್ರಿಯನ್ನು ನೋಡಿ ತೆಗೆದ ಫೋಟೋ ಇನ್ನೊಬ್ಬರ ಫೋಟೋದ ಹಾಗೆ ಆಗುವುದು ಸ್ವಲ್ಪ ಕಷ್ಟ.

ನಿಮ್ಮ ಪ್ರಶ್ನೆಗೆ ಬಂದರೆ, ಕಲಿಯುವಾಗ ಕಾಪಿ ಮಾಡಿ. ಧಾರಾಳವಾಗಿ ಮಾಡಿ. ಲೈಟ್ ಎಲ್ಲಿತ್ತು ಅಂತ ನೆರಳು ನೋಡಿ ಕಂಡುಹಿಡಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಅದನ್ನು ನಿಮ್ಮ ಹೆಸರಲ್ಲಿ ಮಾರಬೇಡಿ, ಯಾರದ್ದು ನೋಡಿ ಮಾಡಿದ್ದು ಅಂತ ಕೆಳಗೆ ಬರೆಯಿರಿ.

ಪ್ರಶ್ನೆ: ಹಾಗಾದರೆ ಐಡಿಯಾ ಬರುವುದು ಎಲ್ಲಿಂದ? ನಿಮ್ಮ ಕ್ರಿಯೇಟಿವ್ ಶೂಟ್‌ಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಬಟ್ಟೆಯಿಂದ. ಇದನ್ನು ಹೇಳಿದರೆ ಹುಡುಗರು ನಗುತ್ತಾರೆ, ಆದರೆ ನನಗೆ ಬೇರೆ ಉತ್ತರ ಗೊತ್ತಿಲ್ಲ.

ಶೂಟ್‌ಗೆ ಮುಂಚೆ ಬಟ್ಟೆ ಜೊತೆ ಅರ್ಧ ಗಂಟೆ ಒಬ್ಬಳೇ ಕೂರುತ್ತೇನೆ. ಸ್ಟೈಲಿಸ್ಟ್ ಬೇಡ, ಕ್ಯಾಮೆರಾ ಬೇಡ. ಸ್ಟೀಮರ್ ನಾನೇ ಹಿಡಿಯುತ್ತೇನೆ. ಹಳೇ ಕೆಲಸ ಕೈಗೆ ಇನ್ನೂ ನೆನಪಿದೆ. ಬಟ್ಟೆ ಎಷ್ಟು ಭಾರ, ಎತ್ತಿ ಬಿಟ್ಟರೆ ಹೇಗೆ ಬೀಳುತ್ತದೆ, ಹಿಸುಕಿದರೆ ಮಡಿಕೆ ಉಳಿಯುತ್ತದೆಯೋ ಹೋಗುತ್ತದೆಯೋ, ನಡೆದರೆ ಏನು ಸದ್ದು ಮಾಡುತ್ತದೆ, ಇಷ್ಟು ನೋಡುತ್ತೇನೆ. ಮುಕ್ಕಾಲು ಸಲ ಏನೂ ಹೊಳೆಯುವುದಿಲ್ಲ. ಕಾಲು ಪಾಲು ಸಲ ಬಟ್ಟೆಯೇ ದಾರಿ ತೋರಿಸುತ್ತದೆ.

ಒಮ್ಮೆ ಆರ್ಗಾಂಜಾದ ಗೌನ್ ಬಂತು. ಎರಡು ಪದರದ್ದು, ಬಿಳಿ, ಗಾಳಿಯಷ್ಟು ತೆಳ್ಳಗೆ. ಹ್ಯಾಂಗರ್‌ಗೆ ಹಾಕಿ ಕಿಟಕಿಗೆ ಎದುರಾಗಿ ಹಿಡಿದೆ. ಒಳಗಿನ ಪದರ ಸ್ವಲ್ಪ ಜರುಗಿತು. ಬಟ್ಟೆ ಮೇಲೆ ಅಲೆ ಅಲೆಯಾಗಿ ಗೆರೆಗಳು ಓಡಿದವು. ಸಣ್ಣ ನೇಯ್ಗೆಯ ಎರಡು ಪದರ ಒಂದರ ಮೇಲೊಂದು ಓರೆಯಾಗಿ ಬಂದರೆ ಹೀಗೆ ಆಗುತ್ತದೆ. ಮಾಯ್ರೇ ಅನ್ನುತ್ತಾರೆ. ಎಳೆಗಳು ಒಂದು ಕಡೆ ಸೇರಿ ಕಪ್ಪಾಗುತ್ತವೆ, ಇನ್ನೊಂದು ಕಡೆ ಬಿಟ್ಟುಕೊಂಡು ಬೆಳ್ಳಗಾಗುತ್ತವೆ. ಬಟ್ಟೆಯಲ್ಲಿ ಇಲ್ಲದ ವಿನ್ಯಾಸ ಅದು, ಸರಿದಾಗ ಮಾತ್ರ ಹುಟ್ಟುವಂಥದ್ದು. ಅದನ್ನೇ ತೆಗೆಯಬೇಕು ಅನ್ನಿಸಿತು.

ಹುಡುಗಿಯನ್ನು ಬೂದು ಕಾಗದದ ಹಿನ್ನೆಲೆಗೆ ತೀರಾ ಹತ್ತಿರ ನಿಲ್ಲಿಸಿದೆ. ಬೆಳಕನ್ನು ಮೆದುವಾಗಿಸುವ ಸಾಫ್ಟ್‌ಬಾಕ್ಸ್ ತೆಗೆದುಬಿಟ್ಟು ಬರೀ ಫ್ಲಾಷ್ ತಲೆಯನ್ನು ಐದು ಮೀಟರ್ ಹಿಂದಕ್ಕೆ ಒಯ್ದೆ. ಬೆಳಕಿನ ಮೂಲ ಚಿಕ್ಕದಾಗಿ, ದೂರದಲ್ಲಿದ್ದಷ್ಟೂ ನೆರಳಿನ ಅಂಚು ಗಟ್ಟಿಯಾಗುತ್ತದೆ. ಬಟ್ಟೆ ಗೋಡೆಗೆ ಹತ್ತಿರವಿದ್ದಷ್ಟೂ ಇನ್ನೂ ಗಟ್ಟಿ. ಗೌನಿನ ಮೇಲೆ ಒಂದು ಅಲೆ, ಕಾಗದದ ಮೇಲೆ ಅದರ ನೆರಳಿನಲ್ಲಿ ಇನ್ನೊಂದು ಅಲೆ. ಅವಳಿಗೆ ಹೇಳಿದ್ದು ಒಂದೇ: ಒಳಪದರವನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತಾ ಇರು. ಇನ್ನೂರು ಫ್ರೇಮ್ ತೆಗೆದೆ. ಹನ್ನೊಂದು ಚೆನ್ನಾಗಿದ್ದವು.

ಆಮೇಲೆ ಆದದ್ದು ಕೇಳಿ. ಆ ಶೂಟ್ ಮಾಡಿಸಿದ್ದ ಪತ್ರಿಕೆಯವರು ಗೆರೆಗಳನ್ನು ಕಂಡು ಕ್ಯಾಮೆರಾ ಸೆನ್ಸರಿನ ದೋಷ ಅಂದುಕೊಂಡರು. ಡಿಜಿಟಲ್ ಕ್ಯಾಮೆರಾದಲ್ಲಿ ನೇಯ್ಗೆಗೂ ಸೆನ್ಸರಿನ ಚುಕ್ಕಿಗಳಿಗೂ ಡಿಕ್ಕಿಯಾಗಿ ಇಂಥ ಗೆರೆ ಬರುವುದುಂಟು, ಅದನ್ನು ಅಳಿಸುವುದೂ ಉಂಟು. ನನ್ನನ್ನು ಒಂದು ಮಾತು ಕೇಳಲಿಲ್ಲ. ರೀಟಚ್ ಮಾಡುವವರು ಎರಡು ದಿನ ಕೂತು, ಪಾಪ, ಅಷ್ಟನ್ನೂ ನೀಟಾಗಿ ಅಳಿಸಿ ಅಚ್ಚಿಗೆ ಕಳಿಸಿದರು. ಪುಟದಲ್ಲಿ ಬಂದದ್ದು ಒಂದು ಬಿಳಿ ಗೌನು. ಚೆನ್ನಾಗಿಯೇ ಇತ್ತು. ಅದಕ್ಕೂ ನನಗೂ ಸಂಬಂಧ ಇರಲಿಲ್ಲ. ಈಗ ಫೈಲ್ ಕಳಿಸುವಾಗ 'ಬರಿಗಣ್ಣಿಗೆ ಕಂಡದ್ದು ಬಟ್ಟೆಯದು, ಪರದೆಯಲ್ಲಿ ಮಾತ್ರ ಕಂಡದ್ದು ಸೆನ್ಸರಿನದು, ಮೊದಲನೆಯದನ್ನು ಮುಟ್ಟಬೇಡಿ' ಅಂತ ಚೀಟಿ ಹಾಕುತ್ತೇನೆ.

ಇನ್ನೊಂದು ಶೂಟ್ ಬೇಗ ಹೇಳಿಬಿಡುತ್ತೇನೆ. ನೆರಿಗೆಯ ಕಪ್ಪು ಕೋಟು, ಒಳಗೆ ಭಾರದ ಲೈನಿಂಗ್. ನಿಂತಾಗ ಸತ್ತ ಹಾಗೆ ಜೋತು ಬೀಳುತ್ತಿತ್ತು. ತಿರುಗಿದರೆ ಮಾತ್ರ ಜೀವ. ಅದಕ್ಕೆ ಶಟರ್ ಕಾಲು ಸೆಕೆಂಡ್ ತೆರೆದಿಟ್ಟು, ಫ್ಲಾಷ್ ಕೊನೆಗೆ ಹೊಡೆಯುವ ಹಾಗೆ ಇಟ್ಟೆ. ಮೊದಲಿಗೇ ಹೊಡೆದರೆ ಮಸುಕು ಬಟ್ಟೆಗಿಂತ ಮುಂದೆ ಬಂದುಬಿಡುತ್ತದೆ, ಕೋಟು ಹಿಂದಕ್ಕೆ ನಡೆದ ಹಾಗೆ ಕಾಣುತ್ತದೆ. ಕೊನೆಗೆ ಹೊಡೆದರೆ ಮಸುಕು ಬಾಲದ ಹಾಗೆ ಹಿಂದೆ ಉಳಿಯುತ್ತದೆ. ಈ ತಂತ್ರ ಹಳೆಯದು, ಎಲ್ಲರಿಗೂ ಗೊತ್ತಿರುವುದೇ. ಆದರೆ ಆ ಕೋಟಿಗೆ ಅದು ಬೇಕಿತ್ತು, ಹಾಗಾಗಿ ಕದ್ದೆ ಅಂತ ಒಂದು ಕ್ಷಣವೂ ಅನ್ನಿಸಲಿಲ್ಲ.

ಪ್ರಶ್ನೆ: ಮಾಡೆಲ್ ಓಡುತ್ತಿರುವ ಫೋಟೋ ತೆಗೆದೆ. ನಮ್ಮ ಮೇಷ್ಟ್ರು 'ಇದು ಮುಂಕಾಚಿಯದ್ದು' ಅಂದುಬಿಟ್ಟರು. ಓಡುವುದಕ್ಕೂ ಒಬ್ಬ ಮಾಲೀಕನಿದ್ದಾನೆಯೇ?

ಉತ್ತರ: ಇಲ್ಲ. ಆದರೆ ಮೇಷ್ಟ್ರು ಯಾರ ಹೆಸರು ಹೇಳಿದರು ಅಂತ ತಿಳಿದುಕೊಳ್ಳಿ. ಮಾರ್ಟಿನ್ ಮುಂಕಾಚಿ ಹಂಗೇರಿಯವರು, ಮೊದಲು ಆಟೋಟದ ಫೋಟೋ ತೆಗೆಯುತ್ತಿದ್ದವರು. 1933ರಲ್ಲಿ ಹಾರ್ಪರ್ಸ್ ಬಜಾರ್ ಪತ್ರಿಕೆಗಾಗಿ ಈಜುಡುಗೆ ತೊಟ್ಟ ಲೂಸಿಲ್ ಬ್ರೋಕಾ ಅವರನ್ನು ಸಮುದ್ರದ ದಂಡೆಯಲ್ಲಿ ಓಡಿಸಿದರು. ಚಳಿಯ ದಿನ ಅದು. ಅಲ್ಲಿಯವರೆಗೆ ಫ್ಯಾಷನ್ ಫೋಟೋ ಅಂದರೆ ಹೆಚ್ಚಾಗಿ ಸ್ಟುಡಿಯೋದಲ್ಲಿ ಗೊಂಬೆಯ ಹಾಗೆ ನಿಲ್ಲುವುದು. ಮುಂಕಾಚಿ ಫ್ಯಾಷನ್ ಗೊತ್ತಿಲ್ಲದ ಕಾರಣಕ್ಕೇ ಅದನ್ನು ಬದಲಾಯಿಸಿದರು ಅಂತ ನನಗೆ ಅನ್ನಿಸುತ್ತದೆ. ಗೊತ್ತಿದ್ದ ಕೆಲಸವನ್ನು ಗೊತ್ತಿಲ್ಲದ ಜಾಗಕ್ಕೆ ತಂದರು.

ಅಮೆರಿಕದ ಫೋಟೋಗ್ರಾಫರ್ ರಿಚರ್ಡ್ ಅವೆಡಾನ್ ಮುಂಕಾಚಿಯವರ ಕೆಲಸ ನೋಡಿಯೇ ಬೆಳೆದವರು, ಅದನ್ನು ಮುಚ್ಚಿಡಲೂ ಇಲ್ಲ. ಅವರ ಮಾಡೆಲ್‌ಗಳೂ ನೆಗೆದರು, ಓಡಿದರು. ಯಾರೂ ಕಾಪಿ ಅನ್ನಲಿಲ್ಲ. ಯಾಕೆಂದರೆ ಅವೆಡಾನ್ ಅಲ್ಲೇ ನಿಲ್ಲಲಿಲ್ಲ. 1955ರಲ್ಲಿ ಪ್ಯಾರಿಸ್ಸಿನ ಸರ್ಕಸ್ಸಿನಲ್ಲಿ ಮಾಡೆಲ್ ಡೋವಿಮಾ ಅವರನ್ನು ಆನೆಗಳ ನಡುವೆ ನಿಲ್ಲಿಸಿದರು. ಅಲ್ಲಿ ಅಲುಗಾಡುತ್ತಿರುವುದು ಆನೆಗಳು, ಸ್ಥಿರವಾಗಿರುವುದು ಅವಳು. ಗುರುವಿನ ಪಾಠವನ್ನು ಅಡಿಮೇಲು ಮಾಡಿದ ಹಾಗಿದೆ ನೋಡಿ. ನಿಮ್ಮ ಹುಡುಗಿ ಯಾಕೆ ಓಡುತ್ತಿದ್ದಾಳೆ? ಮೇಷ್ಟ್ರಿಗೆ ಅದನ್ನು ಹೇಳಲು ನಿಮಗೆ ಬಂದರೆ ಫೋಟೋ ನಿಮ್ಮದು.

ಪ್ರಶ್ನೆ: ಯಾವ ಕ್ಯಾಮೆರಾ ಕೊಂಡರೆ ಫೋಟೋದಲ್ಲಿ ಸ್ವಂತಿಕೆ ಬರುತ್ತದೆ?

ಉತ್ತರ: ಈಗ ಇರುವುದು. ಉಳಿದ ದುಡ್ಡಲ್ಲಿ ಒಳ್ಳೆಯ ಸ್ಟೀಮರ್ ಕೊಳ್ಳಿ.

ಪ್ರಶ್ನೆ: ನನ್ನ ಫೋಟೋವನ್ನು ಹಾಗ್‌ಹಾಗೇ ಇನ್ನೊಬ್ಬರು ಮತ್ತೆ ತೆಗೆದಿದ್ದಾರೆ. ಅದೇ ಭಂಗಿ, ಅದೇ ಲೈಟ್, ಅದೇ ಬಣ್ಣದ ಹಿನ್ನೆಲೆ. ಮಾಡೆಲ್ ಮಾತ್ರ ಬೇರೆ. ಕೋರ್ಟಿಗೆ ಹೋಗಲೇ?

ಉತ್ತರ: ನಾನು ವಕೀಲೆ ಅಲ್ಲ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಆದರೂ ಎರಡು ಹಳೇ ತೀರ್ಪು ಗೊತ್ತಿರಲಿ, ಧೈರ್ಯಕ್ಕೆ.

ಫೋಟೋ ಅಂದರೆ ಯಂತ್ರದ ಕೆಲಸ, ಅದರಲ್ಲಿ ಸ್ವಂತದ್ದೇನಿದೆ ಅಂತ ಒಂದು ಕಾಲದಲ್ಲಿ ವಾದ ಇತ್ತು. ನೆಪೋಲಿಯನ್ ಸರೋನಿ ಅನ್ನುವ ಫೋಟೋಗ್ರಾಫರ್ 1882ರಲ್ಲಿ ಲೇಖಕ ಆಸ್ಕರ್ ವೈಲ್ಡ್ ಅವರ ಫೋಟೋ ತೆಗೆದಿದ್ದರು. ಒಂದು ಮುದ್ರಣ ಕಂಪನಿ ಕೇಳದೆ ಅದರ 85,000 ಪ್ರತಿ ಅಚ್ಚು ಹಾಕಿತು. 1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸರೋನಿ ಪರ ತೀರ್ಪು ಕೊಟ್ಟಿತು. ಭಂಗಿ ಹೇಳಿಕೊಟ್ಟದ್ದು, ಉಡುಪು ಮತ್ತು ಪರದೆ ಆರಿಸಿದ್ದು, ನೆರಳು ಬೆಳಕು ಹೊಂದಿಸಿದ್ದು, ಇದೆಲ್ಲ ಅವರ ತಲೆಯಿಂದ ಬಂದದ್ದು ಅಂತ ಒಪ್ಪಿತು. ಇವತ್ತಿಗೂ ನನಗೆ ಖುಷಿ ಕೊಡುವ ವಿಷಯ ಇದು. ನಾವು ದಿನಾ ಮಾಡುವ ಕೆಲಸದ ಪಟ್ಟಿಯೇ ಅಲ್ವಾ ಅದು?

ಎರಡನೆಯದು 2005ರದ್ದು, ನ್ಯೂಯಾರ್ಕಿನಲ್ಲಿ. ಬ್ಯಾಸ್ಕೆಟ್‌ಬಾಲ್ ಆಟಗಾರ ಕೆವಿನ್ ಗಾರ್ನೆಟ್ ಅವರ ಫೋಟೋವನ್ನು ಹೋಲುವ ಜಾಹೀರಾತಿನ ಮೇಲೆ ಮೂಲ ಫೋಟೋ ತೆಗೆದವರು ಕೇಸು ಹಾಕಿದ್ದರು. ಫೋಟೋದಲ್ಲಿ ಸ್ವಂತಿಕೆ ಮೂರು ಕಡೆ ಇರಬಹುದು ಅಂದರು ನ್ಯಾಯಾಧೀಶರು. ಹೇಗೆ ತೆಗೆದಿರಿ, ಅಂದರೆ ಕೋನ, ಬೆಳಕು, ಲೆನ್ಸ್. ಯಾವ ಕ್ಷಣದಲ್ಲಿ ತೆಗೆದಿರಿ. ಮತ್ತೆ, ಎದುರಿಗಿರುವ ದೃಶ್ಯವನ್ನು ನೀವೇ ಕಟ್ಟಿದ್ದೀರಾ. ಫ್ಯಾಷನ್‌ನವರಿಗೆ ಮೂರನೆಯದು ಮುಖ್ಯ, ಏಕೆಂದರೆ ನಾವು ಸಿಕ್ಕಿದ್ದನ್ನು ತೆಗೆಯುವವರಲ್ಲ, ಕಟ್ಟಿ ತೆಗೆಯುವವರು. ಆದರೆ ಬರೀ ಐಡಿಯಾಕ್ಕೆ ರಕ್ಷಣೆ ಇಲ್ಲ. 'ಕೆಂಪು ಗೋಡೆ ಮುಂದೆ ಕೆಂಪು ಉಡುಪು' ಯಾರಪ್ಪನ ಆಸ್ತಿಯೂ ಅಲ್ಲ.

ನಾನಾಗಿದ್ದರೆ ಮೊದಲು ಒಂದು ಫೋನ್ ಮಾಡುತ್ತಿದ್ದೆ. ನನ್ನ ಫೋಟೋವನ್ನೂ ಒಬ್ಬ ಹುಡುಗ ಹೀಗೇ ಮಾಡಿದ್ದ. ಸಿಟ್ಟಲ್ಲೇ ಫೋನ್ ಮಾಡಿದೆ. ಕ್ಲೈಂಟ್ ನನ್ನ ಫೋಟೋ ತೋರಿಸಿ 'ಇದೇ ಬೇಕು' ಅಂದಿದ್ದರಂತೆ. ಅವನಿಗೆ ಅದು ಯಾರದ್ದು ಅಂತಲೂ ಗೊತ್ತಿರಲಿಲ್ಲ. ಇಂಥ ಕಡೆ ತಪ್ಪು ಎಷ್ಟೋ ಸಲ ಕ್ಯಾಮೆರಾ ಹಿಡಿದವನದ್ದಲ್ಲ, ಮೇಜಿನ ಆಚೆ ಕೂತವರದ್ದು. ಏನೇ ಇರಲಿ, ರಾ ಫೈಲ್ (ಕ್ಯಾಮೆರಾದಿಂದ ಬಂದ ಮೂಲ ಫೈಲ್), ಲೈಟಿಂಗ್ ಬರೆದುಕೊಂಡ ಚೀಟಿ, ತಾರೀಕು ಇರುವ ಮೆಸೇಜ್‌ಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ವಕೀಲರು ಮೊದಲು ಕೇಳುವುದೇ ಅದನ್ನು.

ಪ್ರಶ್ನೆ: ಎಐಗೆ ನಾಲ್ಕು ಸಾಲು ಬರೆದರೆ ಫ್ಯಾಷನ್ ಫೋಟೋ ಬಂದುಬಿಡುತ್ತದೆ. ಇನ್ನು ನಮ್ಮ ಕೆಲಸ ಮುಗಿಯಿತೇ?

ಉತ್ತರ: ಕೆಲವು ಕೆಲಸ ಹೋಗುತ್ತದೆ, ಸುಳ್ಳು ಹೇಳುವುದಿಲ್ಲ. 2023ರಲ್ಲಿ ಬೋರಿಸ್ ಎಲ್ಡಾಗ್ಸೆನ್ ಅನ್ನುವ ಜರ್ಮನ್ ಕಲಾವಿದ ಎಐ ಚಿತ್ರವೊಂದನ್ನು ಸೋನಿ ವರ್ಲ್ಡ್ ಫೋಟೋಗ್ರಫಿ ಸ್ಪರ್ಧೆಗೆ ಕಳಿಸಿ, ಗೆದ್ದು, ಆಮೇಲೆ ಇದು ಫೋಟೋ ಅಲ್ಲ ಅಂತ ಬಹುಮಾನ ನಿರಾಕರಿಸಿದರು. ಅಂದರೆ ಕಣ್ಣಿಗೆ ಮೋಸ ಆಗುತ್ತದೆ.

ನಾನು ಅದನ್ನು ಸೆಟ್‌ನ ಕಚ್ಚಾ ಚಿತ್ರ ಬರೆಯಲು ಒಂದೆರಡು ಸಲ ಬಳಸಿದ್ದೇನೆ. ನನ್ನ ಕೈಬರಹದ ಚಿತ್ರ ನೋಡಿದರೆ ಬಡಗಿಗೆ ಏನೂ ಅರ್ಥವಾಗುವುದಿಲ್ಲ, ಅದಕ್ಕೆ. ಅದರಾಚೆ ಹೋಗಲು ಮನಸ್ಸಿಲ್ಲ. ಅದು ಕಲಿತದ್ದೇ ಈಗಾಗಲೇ ಇರುವ ಕೋಟಿಗಟ್ಟಲೆ ಫೋಟೋಗಳಿಂದ. ಈ ಕೋಟು ಇಷ್ಟು ಭಾರ ಇದೆ ಅಂತ ಅದು ಎತ್ತಿ ನೋಡಿಲ್ಲ. ಆರ್ಗಾಂಜಾ ಗೌನಿನ ಗೆರೆಗಳನ್ನು ಅದೂ ಅಳಿಸಿಹಾಕುತ್ತಿತ್ತೋ ಏನೋ, ಆ ಪತ್ರಿಕೆಯವರ ಹಾಗೆ.

ಪ್ರಶ್ನೆ: 'ನಿನ್ನದೇ ಶೈಲಿ ಬೇಕು' ಅಂತ ಎಲ್ಲರೂ ಹೇಳುತ್ತಾರೆ. ನಾಲ್ಕು ವರ್ಷವಾಯಿತು, ನನಗಿನ್ನೂ ಸಿಕ್ಕಿಲ್ಲ. ನಿಮಗೆ ಯಾವಾಗ ಸಿಕ್ಕಿತು?

ಉತ್ತರ: ನನಗೆ ಸಿಕ್ಕಲಿಲ್ಲ, ಬೇರೆಯವರು ಹೇಳಿದರು. ನನ್ನ ಫೋಟೋಗಳಲ್ಲಿ ಮಾಡೆಲ್‌ಗಳು ಮರದ ಹಾಗೆ ಎತ್ತರ ಕಾಣುತ್ತಾರೆ, ಕೈಗಳು ಎದ್ದು ಕಾಣುತ್ತವೆ, ಅವರ ನೋಟ ಸ್ವಲ್ಪ ಮೇಲಿನಿಂದ ಬೀಳುತ್ತದೆ. ಒಬ್ಬರು ಲೇಖನದಲ್ಲಿ ಇದಕ್ಕೆ ಏನೇನೋ ದೊಡ್ಡ ಅರ್ಥ ಬರೆದರು. ಹೆಣ್ಣಿನ ಶಕ್ತಿ ಅಂತೆಲ್ಲ. ಓದಿ ಸಂತೋಷ ಆಯಿತು. ನಿಜ ಏನೆಂದರೆ ನನ್ನ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ನಾನು ನೆಟ್ಟಗೆ ನಿಂತು ಕ್ಯಾಮೆರಾ ಕಣ್ಣಿಗೆ ಹಿಡಿದರೆ ಅದು ಅವರ ಎದೆಯ ಮಟ್ಟಕ್ಕೆ ಬರುತ್ತದೆ. ಒಮ್ಮೆ ಆರಡಿ ಎತ್ತರದ ಹುಡುಗನೊಬ್ಬ ನನ್ನ ಶೈಲಿ ಕಲಿಯಬೇಕೆಂದು ದಿನವಿಡೀ ಮಂಡಿಯೂರಿ ಶೂಟ್ ಮಾಡಿದ. ಸಂಜೆ ಎದ್ದು ನಿಲ್ಲಲಾಗದೆ ಒದ್ದಾಡುವುದನ್ನು ಕಂಡು ಅಯ್ಯೋ ಅನ್ನಿಸಿತು.

ಹುಡುಕಬೇಕೆಂದರೆ ನೀವು ಬಿಸಾಕಿದ ಫೋಟೋಗಳಲ್ಲಿ ಹುಡುಕಿ. ಆರಿಸಿದ ಫೋಟೋಗಳಲ್ಲಿ ಕ್ಲೈಂಟ್ ಇರುತ್ತಾರೆ, ಮೇಷ್ಟ್ರು ಇರುತ್ತಾರೆ, ನೀವು ಮೆಚ್ಚಿದ ದೊಡ್ಡ ಫೋಟೋಗ್ರಾಫರ್ ಇರುತ್ತಾರೆ. ಬಿಟ್ಟದ್ದರಲ್ಲಿ ನೀವೊಬ್ಬರೇ. ಕಳೆದ ಐದಾರು ಶೂಟ್‌ಗಳ ಬಿಟ್ಟ ಫ್ರೇಮ್‌ಗಳನ್ನು ಚಿಕ್ಕದಾಗಿ ಪ್ರಿಂಟ್ ತೆಗೆದು ನೆಲದ ಮೇಲೆ ಹರಡಿ. ಪದೇ ಪದೇ ಬರುವ ಒಂದು 'ತಪ್ಪು' ಕಾಣುತ್ತದೆ. ಪಾದ ಕತ್ತರಿಸುವುದೋ, ಮಾಡೆಲ್ ತಿರುಗಿದ ಮೇಲೆ ಕ್ಲಿಕ್ ಮಾಡುವುದೋ, ಏನೋ ಒಂದು. ಮುಂದಿನ ಶೂಟ್‌ನಲ್ಲಿ ಆ ತಪ್ಪನ್ನು ಬೇಕೆಂದೇ ಮಾಡಿ ನೋಡಿ.

ಮತ್ತೆ, ನಾಲ್ಕು ವರ್ಷ ಏನೂ ಅಲ್ಲ. ಪೆನ್ 1950ರಲ್ಲಿ ಪ್ಯಾರಿಸ್ಸಿನಲ್ಲಿ ನಾಟಕದ ಹಳೇ ಪರದೆಯೊಂದನ್ನು ಹಿನ್ನೆಲೆಗೆ ಬಳಸಿದರು. ಮುಂದೆ ಜೀವನಪೂರ್ತಿ ಅದನ್ನೇ ಇಟ್ಟುಕೊಂಡಿದ್ದರು. ಬಣ್ಣ ಹೋದ ಒಂದೇ ಬಟ್ಟೆ, ಅದರ ಮುಂದೆ ಎಷ್ಟು ಜನ! ಹೊಸದು ಬೇಕು ಅಂತ ನಾವು ತಿಂಗಳಿಗೊಂದು ಹಿನ್ನೆಲೆ ಬದಲಾಯಿಸುತ್ತೇವೆ.

ಪ್ರಶ್ನೆ: ತೆಗೆಯಬೇಕೆಂದುಕೊಂಡು ಇನ್ನೂ ತೆಗೆಯಲಾಗದ ಫೋಟೋ ಇದೆಯೇ?

ಉತ್ತರ: ಇದೆ. ಒಳಗು ಹೊರಗು ಮಾಡಿದ ಕೋಟು.

ಒಳ್ಳೆಯ ಕೋಟಿನ ಒಳಭಾಗ ನೋಡಿದ್ದೀರಾ? ಲೈನಿಂಗ್ ಬಿಚ್ಚಿದರೆ ಇನ್ನೂ ಚೆಂದ. ಎದೆಯ ಭಾಗ ನಿಲ್ಲಲಿ ಅಂತ ಒಳಗೆ ಕ್ಯಾನ್ವಾಸ್ ಇಟ್ಟು ಕೈಯಲ್ಲಿ ಓರೆ ಹೊಲಿಗೆ ಹಾಕಿರುತ್ತಾರೆ. ಸಾವಿರಾರು ಸಣ್ಣ ಹೊಲಿಗೆ. ಸೀಮೆಸುಣ್ಣದ ಗುರುತು ಅಲ್ಲಲ್ಲಿ ಉಳಿದಿರುತ್ತದೆ. ಅದನ್ನು ಹೊರಗೆ ತೋರಿಸಬೇಕು ಅಂತ ಆಸೆ.

ಎರಡು ಸಲ ಪ್ರಯತ್ನಪಟ್ಟೆ. ಮೊದಲ ಸಲ ಬೆಳಕು ಎದುರಿನಿಂದ ಕೊಟ್ಟೆ, ಹೊಲಿಗೆಯೆಲ್ಲ ಚಪ್ಪಟೆಯಾಗಿ ಮಾಯವಾಯಿತು. ಎರಡನೇ ಸಲ ಲೈಟನ್ನು ಪಕ್ಕಕ್ಕೆ ಒಯ್ದು ಬಟ್ಟೆಯನ್ನು ಸವರಿಕೊಂಡು ಹೋಗುವ ಹಾಗೆ ಇಟ್ಟೆ. ಒಂದೊಂದು ಹೊಲಿಗೆಗೂ ನೆರಳು ಬಂತು, ಎಣಿಸಬಹುದಿತ್ತು. ಆದರೆ ಹುಡುಗಿ ಗಡಿಬಿಡಿಯಲ್ಲಿ ಕೋಟನ್ನು ತಿರುಗಾಮುರುಗಾ ಹಾಕಿಕೊಂಡು ಬಂದವಳ ಹಾಗೆ ಕಂಡಳು. ನಾವಿಬ್ಬರೂ ಪರದೆ ನೋಡಿ ನಕ್ಕು ಲೈಟ್ ಆರಿಸಿದೆವು.

ಆ ಕೋಟು ಹೊಲಿದ ಟೈಲರ್‌ಗೆ ಈಗ ಎಪ್ಪತ್ತು ದಾಟಿದೆ. ಈ ಸಲ ಮಾಡೆಲ್ ಬೇಡ, ನೀವೇ ಹಾಕಿಕೊಂಡು ನಿಲ್ಲಿ ಅಂತ ಕೇಳಿದ್ದೇನೆ. ಅವರಿಗೆ ಮುಖ ತೋರಿಸಲು ಇಷ್ಟವಿಲ್ಲ. ಬೆನ್ನಾದರೆ ಸರಿ ಅಂದಿದ್ದಾರೆ.